ಛತ್ರದ ಬಾಗಿಲು, ಮೆಟ್ಟಿಲು ಎಷ್ಟು ಅಗಲ ಇರಬೇಕು? ಜನರ ಲೆಕ್ಕದಿಂದ ಹೊರದಾರಿ ಅಳೆಯುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ವಿಜಯನಗರದ ಕಡೆ ಒಂದು ಮದುವೆಗೆ ಹೋಗಿದ್ದೆ. ಗಟ್ಟಿಮೇಳದ ಹೊತ್ತಿಗೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಕ್ಕದ ಗೋಡೆಯಲ್ಲಿ ಹಸಿರು ದೀಪದ 'ಎಕ್ಸಿಟ್' ಬೋರ್ಡು ಇತ್ತು. ಅದರ ಕೆಳಗಿನ ಬಾಗಿಲಿನ ಮುಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಎದೆಯೆತ್ತರ ಪೇರಿಸಿಟ್ಟಿದ್ದರು. ಕುರ್ಚಿ ಸರಿಸಿ ನೋಡಿದೆ. ಎರಡು ರೆಕ್ಕೆಯ ಬಾಗಿಲು. ಒಂದು ರೆಕ್ಕೆಯ ಮೇಲಿನ ಚಿಲಕಕ್ಕೆ ಬಣ್ಣ ಬಳಿದು ಬಳಿದು ಅದು ಚೌಕಟ್ಟಿಗೆ ಅಂಟಿಕೊಂಡಿತ್ತು. ಇನ್ನೊಂದಕ್ಕೆ ಬೀಗ. ಮ್ಯಾನೇಜರರನ್ನು ಕೇಳಿದರೆ, "ಪ್ಲ್ಯಾನ್‌ನಲ್ಲಿ ಎಲ್ಲ ಸರಿಯಾಗಿದೆ ಸಾರ್, ಎರಡು ಮೀಟರ್ ಬಾಗಿಲು" ಅಂದರು. ಪ್ಲ್ಯಾನ್‌ನಲ್ಲಿದ್ದ ಎರಡು ಮೀಟರ್ ಗೋಡೆಯಲ್ಲಿ ಸೊನ್ನೆಯಾಗಿತ್ತು.

ಕಟ್ಟಡದಲ್ಲಿ ಎಷ್ಟು ಜನ ಇರುತ್ತಾರೆ, ಅವರು ಹೊರಬರಲು ಎಷ್ಟು ಅಗಲದ ದಾರಿ ಬೇಕು, ಈಗ ಇರುವುದೆಷ್ಟು, ಇದನ್ನು ಟೇಪು ಮತ್ತು ಕ್ಯಾಲ್ಕುಲೇಟರ್ ಇದ್ದರೆ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಛತ್ರದ ಮಾಲೀಕರು, ಪಿಜಿ ನಡೆಸುವವರು, ಟ್ಯೂಷನ್ ಮಾಡುವವರು, ಅಪಾರ್ಟ್‌ಮೆಂಟ್ ಸಂಘದವರು ಎಲ್ಲರಿಗೂ ಇದು ಬೇಕು. ಅನುಮತಿ ಪತ್ರಕ್ಕೆ ಅರ್ಹ ಎಂಜಿನಿಯರರ ಸಹಿ ಬೇಕೇ ಬೇಕು, ಆ ಮಾತು ಬೇರೆ. ಅವರು ಹಾಕಿದ ಲೆಕ್ಕವನ್ನು ಓದಿ ಪ್ರಶ್ನೆ ಕೇಳುವಷ್ಟು ತಿಳಿವಳಿಕೆ ನಮಗೂ ಇರಬೇಕು.

ಇಲ್ಲಿರುವ ಅಂಕಿಗಳು ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 4ನೇ ಭಾಗದವು. ಎನ್‌ಬಿಸಿ ಎಂದು ಎಲ್ಲರೂ ಕರೆಯುವ ಈ ಸಂಹಿತೆಯನ್ನು ಭಾರತೀಯ ಮಾನಕ ಬ್ಯೂರೋ ಹೊರತಂದಿದೆ.

ಅಗಲಕ್ಕೆ ಯಾಕಿಷ್ಟು ಮಹತ್ವ

ಬೆಂಕಿಯಲ್ಲಿ ಸತ್ತವರೆಲ್ಲ ಸುಟ್ಟು ಸತ್ತವರಲ್ಲ. 1981ರ ಫೆಬ್ರುವರಿ 7ರಂದು ನಮ್ಮ ಬೆಂಗಳೂರಿನಲ್ಲೇ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಹೋದರು. ಬಹುಪಾಲು ಮಕ್ಕಳು. ಹೊರಗೆ ಓಡುವ ನೂಕುನುಗ್ಗಲಿನಲ್ಲಿ ತುಳಿತಕ್ಕೆ ಸಿಕ್ಕವರೂ ಅವರಲ್ಲಿದ್ದರು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಹೊಗೆಗೆ ಬಲಿಯಾದರು. ಅಲ್ಲಿ ಬಾಲ್ಕನಿಯ ಬಲಬದಿಯ ಓಡಾಟದ ದಾರಿಯನ್ನು ಹೆಚ್ಚುವರಿ ಸೀಟು ಹಾಕಿ ಮುಚ್ಚಿದ್ದರು. ನಾಲ್ಕು ಟಿಕೆಟ್ ಹೆಚ್ಚಿಗೆ ಮಾರುವ ಆಸೆಗೆ ಒಂದು ಕಡೆಯ ಹೊರದಾರಿಯೇ ಹೋಯಿತು. 2010ರ ಫೆಬ್ರುವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರನ್ನು ಟಿವಿಯಲ್ಲಿ ನೋಡಿದ ಬೆಂಗಳೂರಿಗರು ಅದನ್ನು ಮರೆತಿಲ್ಲ. ತುರ್ತು ಬಾಗಿಲುಗಳಿಗೆ ಬೀಗ ಬಿದ್ದಿತ್ತೆಂದು ಆಗ ವರದಿಯಾಯಿತು.

ಈಗ ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಒಂದು ಸಾಮಾನ್ಯ ಛತ್ರವನ್ನೇ ಇಟ್ಟುಕೊಳ್ಳೋಣ. ನೆಲಮಹಡಿಯಲ್ಲಿ ಮುಹೂರ್ತದ ಹಾಲ್, ಮೇಲೆ ಊಟದ ಹಾಲ್.

ಮೊದಲ ಹೆಜ್ಜೆ: ಜಾಗ ಅಳೆಯಿರಿ

ಪ್ರತಿ ಮಹಡಿಯನ್ನೂ ಬೇರೆ ಬೇರೆಯಾಗಿ, ಗೋಡೆಯಿಂದ ಗೋಡೆಗೆ ಅಳೆಯಿರಿ. ಬೀರು, ಮೇಜು, ವೇದಿಕೆ ಇದೆ ಎಂದು ಕಳೆಯಬೇಡಿ. ನಮ್ಮಲ್ಲಿ ಎಲ್ಲರೂ ಚದರ ಅಡಿಯಲ್ಲೇ ಹೇಳುವುದು. ಅದನ್ನು 10.76ರಿಂದ ಭಾಗಿಸಿದರೆ ಚದರ ಮೀಟರ್ ಬರುತ್ತದೆ. ಮಾಲೀಕರು "3,875 ಚದರ ಅಡಿ ಹಾಲ್" ಅಂದರೆ ಅದು 360 ಚದರ ಮೀಟರ್. ನಮ್ಮ ಛತ್ರದ ಹಾಲ್ 24 ಮೀಟರ್ ಉದ್ದ, 15 ಮೀಟರ್ ಅಗಲ, ಅಂದರೆ 360. ಮೇಲಿನ ಊಟದ ಹಾಲ್ 20ಕ್ಕೆ 14, ಅಂದರೆ 280.

ಎರಡನೇ ಹೆಜ್ಜೆ: ತಲೆ ಎಣಿಸಿ

ಹೆಚ್ಚಿನ ತಪ್ಪು ಆಗುವುದು ಇಲ್ಲಿ. ಯಾವ ಬಗೆಯ ಬಳಕೆಗೆ ಒಬ್ಬರಿಗೆ ಎಷ್ಟು ಚದರ ಮೀಟರ್ ಹಿಡಿಯಬೇಕು ಎಂದು ಸಂಹಿತೆ ಹೇಳುತ್ತದೆ:

- ವಾಸದ ಕಟ್ಟಡ: 12.5
- ಶಾಲೆ, ಕಾಲೇಜು: 4
- ಆಸ್ಪತ್ರೆಯ ಒಳರೋಗಿ ವಿಭಾಗ: 15
- ಕಚೇರಿ: 10
- ರಸ್ತೆ ಮಟ್ಟದ ಅಂಗಡಿ: 3, ಮೇಲಿನ ಮಹಡಿಯ ಅಂಗಡಿ: 6
- ಬಿಡಿ ಕುರ್ಚಿ ಹಾಕಿ ಜನ ಒತ್ತಾಗಿ ಸೇರುವ ಸಭಾಂಗಣ: 0.65
- ಊಟದ ಹಾಲ್, ಹೋಟೆಲ್‌ನಂಥ ಮೇಜು ಕುರ್ಚಿ ಹಾಕಿದ ಜಾಗ: 1.8
- ಕಾರ್ಖಾನೆ: 10, ಗೋದಾಮು: 30

ಚಿತ್ರಮಂದಿರದಂತೆ ನೆಲಕ್ಕೆ ಬಿಗಿದ ಸೀಟು ಇದ್ದರೆ ಸೀಟುಗಳನ್ನೇ ಎಣಿಸಿ.

ಮುಹೂರ್ತದ ಹಾಲ್: 360 ಭಾಗಿಸು 0.65, ಅಂದರೆ 553.8. ಮನುಷ್ಯರನ್ನು ಯಾವಾಗಲೂ ಮೇಲಕ್ಕೇ ಹಿಡಿಯಬೇಕು, ಆದ್ದರಿಂದ 554. ಊಟದ ಹಾಲ್: 280 ಭಾಗಿಸು 1.8, ಅಂದರೆ 155.6, ಮೇಲಕ್ಕೆ ಹಿಡಿದರೆ 156.

ಆದರೆ ಬೆಂಗಳೂರಿನ ಯಾವ ಮದುವೆಯಲ್ಲಿ ಊಟದ ಹಾಲ್‌ನಲ್ಲಿ ಕೂತವರು ಮಾತ್ರ ಇರುತ್ತಾರೆ? ಮೊದಲ ಪಂಕ್ತಿ ಮೊಸರನ್ನಕ್ಕೆ ಬರುವಷ್ಟರಲ್ಲಿ ಎರಡನೇ ಪಂಕ್ತಿಯವರು ಕುರ್ಚಿಯ ಬೆನ್ನು ಹಿಡಿದು ಹಿಂದೆ ನಿಂತಿರುತ್ತಾರೆ. ಬಡಿಸುವವರು, ಎಲೆ ತೆಗೆಯುವವರು, ನೀರಿನವರು, ಅಡುಗೆ ಭಟ್ಟರ ತಂಡ ಎಲ್ಲ ಸೇರಿ ಇನ್ನೊಂದು ಗುಂಪು. ಸಂಹಿತೆಯ ಮಾತು ಸ್ಪಷ್ಟವಾಗಿದೆ: ನಿಜವಾಗಿ ಇರುವ ಜನರ ಸಂಖ್ಯೆಯನ್ನೇ ಹಿಡಿಯಬೇಕು, ಅದು ಪಟ್ಟಿಯ ಲೆಕ್ಕಕ್ಕಿಂತ ಕಡಿಮೆ ಇರಕೂಡದು. ಅಂದರೆ ಎರಡರಲ್ಲಿ ಯಾವುದು ದೊಡ್ಡದೋ ಅದು. ನಮ್ಮ ಛತ್ರದಲ್ಲಿ ಒಂದು ಪಂಕ್ತಿಗೆ 240 ಎಲೆ, ಕಾಯುವವರು 80, ಕೆಲಸದವರು 30. ಒಟ್ಟು 350. ಪಟ್ಟಿಯ 156 ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

"ಕೆಳಗಿದ್ದವರೇ ತಾನೇ ಮೇಲೆ ಹೋಗೋದು, ಎರಡು ಸಲ ಯಾಕೆ ಎಣಿಸ್ತೀರಿ?" ಎಂದು ಮಾಲೀಕರೊಬ್ಬರು ನನ್ನನ್ನು ಕೇಳಿದ್ದರು. ಮೇಲೆ ಮೊದಲ ಪಂಕ್ತಿ ನಡೆಯುವಾಗ ಕೆಳಗೆ ಉಡುಗೊರೆ ಕೊಡುವ ಸಾಲು ವೇದಿಕೆಯಿಂದ ಬಾಗಿಲವರೆಗೂ ಇರುತ್ತದೆ. ಒಬ್ಬೊಬ್ಬರಾಗಿ ಬರುವವರು ಇನ್ನೂ ಬರುತ್ತಲೇ ಇರುತ್ತಾರೆ. ಎರಡೂ ಮಹಡಿ ಒಟ್ಟಿಗೆ ತುಂಬುವ ಗಳಿಗೆ ಪ್ರತಿ ಮದುವೆಯಲ್ಲೂ ಇದೆ. ಲೆಕ್ಕ ಆ ಗಳಿಗೆಗೆ.

ಇದೇ ಎಚ್ಚರ ಪಿಜಿಗಳಿಗೂ ಬೇಕು. 200 ಚದರ ಮೀಟರ್ ಮಹಡಿಗೆ ವಾಸದ ಲೆಕ್ಕದಲ್ಲಿ 16 ಜನ. ಮಂಚ ಎಣಿಸಿದರೆ 40. ಹಾಗಾದರೆ 40 ಹಿಡಿಯಿರಿ. ಮನೆಯನ್ನು ಟ್ಯೂಷನ್ ಸೆಂಟರ್ ಮಾಡಿದಲ್ಲಿ 108 ಚದರ ಮೀಟರಿಗೆ ಪಟ್ಟಿ 27 ಎನ್ನುತ್ತದೆ, ಬೆಂಚುಗಳು 80 ಎನ್ನುತ್ತವೆ. ಬೆಂಚಿನ ಮಾತು ನಂಬಿ.

ಮೂರನೇ ಹೆಜ್ಜೆ: ಜನರನ್ನು ಮಿಲಿಮೀಟರ್ ಮಾಡಿ

ಒಬ್ಬರಿಗೆ ಎಷ್ಟು ಅಗಲ ಬೇಕು ಎಂಬ ಅಂಕಿ ಎರಡು ಬಗೆ. ಮೆಟ್ಟಿಲಿಗೆ ಒಂದು, ಬಾಗಿಲು, ಕಾರಿಡಾರ್, ಇಳಿಜಾರು ದಾರಿಗೆ ಇನ್ನೊಂದು.

ಸಾಮಾನ್ಯ ಕಟ್ಟಡಗಳಿಗೆಲ್ಲ (ವಾಸ, ಶಾಲೆ, ಸಭಾಂಗಣ, ಕಚೇರಿ, ಅಂಗಡಿ, ಕಾರ್ಖಾನೆ) ಮೆಟ್ಟಿಲಿಗೆ ಒಬ್ಬರಿಗೆ 10 ಮಿಲಿಮೀಟರ್, ಬಾಗಿಲಿಗೆ 6.5. ಆಸ್ಪತ್ರೆಯಂಥ ಕಡೆ 15 ಮತ್ತು 13. ಅಪಾಯಕಾರಿ ವಸ್ತು ಇರುವ ಕಟ್ಟಡಗಳಿಗೆ 18 ಮತ್ತು 10.

ಮೆಟ್ಟಿಲಿಗೆ ಹೆಚ್ಚು ಯಾಕೆ? ಇಳಿಯುವಾಗ ಪ್ರತಿಯೊಬ್ಬರೂ ಕಾಲಿಡುವ ಮುಂದಿನ ಮೆಟ್ಟಿಲು ಖಾಲಿ ಆಗುವವರೆಗೆ ಕಾಯುತ್ತಾರೆ. ಸೀರೆಯ ನೆರಿಗೆ ಎತ್ತಿಕೊಂಡು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಇಳಿಯುವವರ ವೇಗ ಇನ್ನೂ ಕಡಿಮೆ. ಹಾಗಾಗಿ ಒಂದು ಮೀಟರ್ ಮೆಟ್ಟಿಲಿನ ಸಾಮರ್ಥ್ಯ 100 ಜನ. ಅದೇ ಒಂದು ಮೀಟರ್ ಬಾಗಿಲಿನದು 153.

ನಮ್ಮ ಛತ್ರಕ್ಕೆ ಬೇಕಾದದ್ದು:

- ಮುಹೂರ್ತದ ಹಾಲ್‌ನ ಬಾಗಿಲುಗಳು: 554 × 6.5 = 3,601 ಮಿ.ಮೀ.
- ಊಟದ ಹಾಲ್‌ನ ಬಾಗಿಲುಗಳು: 350 × 6.5 = 2,275 ಮಿ.ಮೀ.
- ಮೇಲಿನಿಂದ ಇಳಿಯುವ ಮೆಟ್ಟಿಲುಗಳು: 350 × 10 = 3,500 ಮಿ.ಮೀ.

ಮೇಲೆ ಹಲವು ಮಹಡಿಗಳಿದ್ದರೆ ಎಲ್ಲವನ್ನೂ ಕೂಡಿಸಿ ಮೆಟ್ಟಿಲು ಅಗಲ ಮಾಡಬೇಕಿಲ್ಲ. ಯಾವ ಮಹಡಿಯಲ್ಲಿ ಜನ ಹೆಚ್ಚೋ ಆ ಮಹಡಿಗೆ ಸಾಲುವಷ್ಟು ಇದ್ದರೆ ಆಯಿತು. ಆದರೆ ಇಳಿಯುತ್ತ ಇಳಿಯುತ್ತ ಅಗಲ ಎಲ್ಲೂ ಕಿರಿದಾಗಬಾರದು. ಎರಡು ಮಹಡಿಗಳ ನಡುವಿನ ಅರ್ಧ ಮಹಡಿಯಾದ ಮೆಜನೈನ್‌ನಲ್ಲಿರುವ ಜನ ಕೆಳಗಿನ ಹಾಲ್ ಮೂಲಕವೇ ಹೊರಹೋಗುವುದಾದರೆ ಅವರನ್ನು ಆ ಹಾಲ್‌ಗೆ ಸೇರಿಸಿ.

ಹಳೇ ಪ್ಲ್ಯಾನ್‌ಗಳಲ್ಲಿ 'ಯೂನಿಟ್' ಎಂದು ಬರೆದಿರುತ್ತದೆ. ಅದು 500 ಮಿಲಿಮೀಟರಿನ ಹಿಂದಿನ ಪದ್ಧತಿ. 250 ಮಿಲಿಮೀಟರ್ ಉಳಿದರೆ ಅರ್ಧ ಯೂನಿಟ್, ಅದಕ್ಕೂ ಕಡಿಮೆ ಉಳಿದರೆ ಲೆಕ್ಕಕ್ಕಿಲ್ಲ. ಹಳೇ ಮತ್ತು ಹೊಸ ಪದ್ಧತಿಯನ್ನು ಒಂದೇ ಕಾಗದದಲ್ಲಿ ಬೆರೆಸಬೇಡಿ. ಮೊದಲಿಂದ ಹೊಸದಾಗಿ ಹಾಕಿ.

ನಾಲ್ಕನೇ ಹೆಜ್ಜೆ: ಕನಿಷ್ಠ ಅಗಲಕ್ಕೆ ಹೋಲಿಸಿ

ಗುಣಾಕಾರದಲ್ಲಿ ಬಂದ ಅಂಕಿ ಚಿಕ್ಕದಾದರೂ ಕನಿಷ್ಠಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಹೊರಹೋಗುವ ಬಾಗಿಲು 1 ಮೀಟರಿಗಿಂತ ಕಿರಿದಾಗಿರಬಾರದು. ಛತ್ರದಂಥ ಜನ ಸೇರುವ ಕಟ್ಟಡದಲ್ಲಿ 2 ಮೀಟರ್. ಬಾಗಿಲಿನ ಎತ್ತರ ಕನಿಷ್ಠ 2 ಮೀಟರ್. ಮೆಟ್ಟಿಲು ಶಾಲೆಗೆ, ಕಚೇರಿಗೆ 1.5 ಮೀಟರ್. ದೊಡ್ಡ ಸಭಾಂಗಣಕ್ಕೆ, ಆಸ್ಪತ್ರೆಗೆ 2 ಮೀಟರ್.

ಆ ಟ್ಯೂಷನ್ ಸೆಂಟರ್ ನೋಡಿ. 80 ಮಕ್ಕಳಿಗೆ 800 ಮಿಲಿಮೀಟರ್ ಮೆಟ್ಟಿಲು ಸಾಕು ಎಂದು ಗುಣಾಕಾರ ಹೇಳುತ್ತದೆ. ಹಳೇ ಮನೆಯ ಮೆಟ್ಟಿಲು 900 ಇದೆ. ಮಾಲೀಕರಿಗೆ ಸಮಾಧಾನ. ಆದರೆ ಕನಿಷ್ಠ 1,500 ಬೇಕು, ಅದೂ ಒಂದೇ ಮೆಟ್ಟಿಲು ಇರಬಾರದು. ಹೊಗೆ ಆ ಒಂದು ಮೆಟ್ಟಿಲನ್ನೇ ಹಿಡಿದರೆ ಮೇಲಿನ ಮಕ್ಕಳಿಗೆ ದಾರಿ ಯಾವುದು?

ಐದನೇ ಹೆಜ್ಜೆ: ನಿಜವಾದ ಅಗಲ ಅಳೆಯಿರಿ

ಪ್ಲ್ಯಾನ್ ಮಡಚಿ ಜೇಬಿಗಿಟ್ಟು ಟೇಪು ಹೊರತೆಗೆಯಿರಿ. ನಮಗೆ ಬೇಕಾದದ್ದು ಬಾಗಿಲು ಪೂರ್ತಿ ತೆರೆದಾಗ ಮನುಷ್ಯ ನುಗ್ಗಬಹುದಾದ ಖಾಲಿ ಜಾಗ.

ನಮ್ಮ ಛತ್ರದ ಹಾಲ್‌ನ ಮುಂಬಾಗಿಲು ಪ್ಲ್ಯಾನ್‌ನಲ್ಲಿ 2,600 ಮಿಲಿಮೀಟರ್. ಅದು ಗೋಡೆಯ ಬಾಯಿ. ತೇಗದ ಚೌಕಟ್ಟು ಎರಡು ಬದಿಗೂ 65ರಂತೆ 130 ತಿಂದಿತು, 2,470 ಉಳಿಯಿತು. ರೆಕ್ಕೆಗಳು ತೊಂಬತ್ತು ಡಿಗ್ರಿಗೆ ತೆರೆದು ನಿಂತಾಗ ಅವುಗಳ ದಪ್ಪ ಎರಡೂ ಕಡೆ 35. ಉಳಿದದ್ದು 2,400. ಅಂದರೆ 369 ಜನ.

ಈಗ ಮದುವೆಯ ಬೆಳಗ್ಗೆ ಬನ್ನಿ. ಚೌಕಟ್ಟಿನ ಎರಡೂ ಬದಿಗೆ ಗೊನೆ ಸಮೇತ ಬಾಳೆಕಂದು ಕಟ್ಟಿರುತ್ತಾರೆ. ಒಂದೊಂದು ಕಂದು, ಅದರ ಎಲೆದಂಟು ಎಲ್ಲ ಸೇರಿ 200 ಮಿಲಿಮೀಟರ್ ಒಳಗೆ ಬರುತ್ತದೆ. 2,400 ಹೋಗಿ 2,000 ಆಯಿತು. 369 ಇದ್ದದ್ದು 307. ಮಂಗಳದ ಬಾಳೆಕಂದು 62 ಜನರ ದಾರಿ ತೆಗೆದುಕೊಂಡಿತು. ಕಂದು ಬೇಡ ಎಂದು ನಾನು ಖಂಡಿತ ಹೇಳುವುದಿಲ್ಲ. ಚೌಕಟ್ಟಿನಿಂದ ಒಂದಡಿ ಆಚೆ, ಗೋಡೆಗೆ ಒಂದು ಕೊಂಡಿ ಹಾಕಿಸಿ ಅಲ್ಲಿ ಕಟ್ಟಿಸಿ. ಅಂದವೂ ಉಳಿಯುತ್ತದೆ, ಅಗಲವೂ ಉಳಿಯುತ್ತದೆ.

ಇದರಂತೆಯೇ ಕದ್ದು ತಿನ್ನುವವು ಇನ್ನೂ ಇವೆ. ಎರಡು ರೆಕ್ಕೆಯ ಬಾಗಿಲಿನಲ್ಲಿ ಒಂದಕ್ಕೆ ಚಿಲಕ ಹಾಕಿದ್ದರೆ ಅರ್ಧ ಜನರಿಗೆ ಬಾಗಿಲೇ ಇಲ್ಲ. ಎಳೆದು ಮಡಚುವ ಕೊಲಾಪ್ಸಿಬಲ್ ಗೇಟು ಪೂರ್ತಿ ತೆರೆದರೂ ಅದರ ಮಡಿಕೆ ಪ್ರತಿ ಬದಿಗೆ ಗೇಣಿನಷ್ಟು ಜಾಗ ಹಿಡಿಯುತ್ತದೆ. ಮೆಟ್ಟಿಲಿನಲ್ಲಿ ಗೋಡೆಯಿಂದ ಕೈಹಿಡಿ ಕಂಬಿಯ ಒಳಅಂಚಿಗೆ ಅಳೆಯಿರಿ. ಚಪ್ಪಲಿ ರಾಶಿ, ಕವರ್ ತೆಗೆದುಕೊಳ್ಳುವ ಮೇಜು, ಪನ್ನೀರು ಚಿಮುಕಿಸುವವರ ಸ್ಟೂಲು, ಫೋಟೊದವರ ದೀಪದ ಕಾಲು ಎಲ್ಲವೂ ಅಳತೆಯಿಂದ ಕಳೆಯಬೇಕಾದವೇ. ಲಿಫ್ಟು, ಎಸ್ಕಲೇಟರು, ಜಾರುವ ಬಾಗಿಲು, ರೋಲಿಂಗ್ ಶಟರ್ ಹೊರದಾರಿಯ ಲೆಕ್ಕಕ್ಕೆ ಬರುವುದೇ ಇಲ್ಲ.

ಬಾಗಿಲು ಹೊರಗಡೆಗೆ ತೆರೆಯಬೇಕು. ನೂಕಿಬರುವ ಜನರ ಎದೆಗೆ ಒಳಗೆ ತೆರೆಯುವ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ತೆರೆದ ಬಾಗಿಲು ನೇರ ಮೆಟ್ಟಿಲ ಮೇಲೆ ಬೀಳಬಾರದು, ಬಾಗಿಲಿನ ಅಗಲದಷ್ಟಾದರೂ ಸಮತಟ್ಟು ಜಾಗ ಮುಂದೆ ಇರಬೇಕು. ಒಳಗಿನಿಂದ ಬೀಗದಕೈ ಇಲ್ಲದೆ ತೆರೆಯುವಂತಿರಬೇಕು.

ಆರನೇ ಹೆಜ್ಜೆ: ರಸ್ತೆಯವರೆಗೂ ದಾರಿ ಹಿಡಿದು ನಡೆಯಿರಿ

ಕಾಗದದಲ್ಲಿ ಪಾಸಾದ ಎಷ್ಟೋ ಕಟ್ಟಡಗಳು ಇಲ್ಲಿ ಸಿಕ್ಕಿಬೀಳುತ್ತವೆ. ಹಾಲ್‌ನ ಬಾಗಿಲು ದಾಟಿದ ಮಾತ್ರಕ್ಕೆ ಜನ ಹೊರಗೆ ಬಂದಂತಲ್ಲ. ಕಾಲು ಬಯಲಿಗೆ ಬೀಳುವವರೆಗೆ ಸಿಗುವ ಅತಿ ಕಿರಿದಾದ ಜಾಗವೇ ಇಡೀ ದಾರಿಯ ಅಗಲ.

ನಮ್ಮ ಹಾಲ್‌ಗೆ ಮುಂಬಾಗಿಲು 2,400, ಪಕ್ಕದ ಬಾಗಿಲು 2,000. ಒಟ್ಟು 4,400. ಬೇಕಾದದ್ದು 3,601. ಗೆದ್ದೆವು ಅನ್ನಿಸುತ್ತದೆ. ಆದರೆ ಮುಂಬಾಗಿಲು ತೆರೆಯುವುದು ಪಡಸಾಲೆಗೆ. ಊಟದ ಹಾಲ್‌ನಿಂದ ಇಳಿಯುವ ದೊಡ್ಡ ಮೆಟ್ಟಿಲು ಸಹ ಅದೇ ಪಡಸಾಲೆಗೆ ಇಳಿಯುತ್ತದೆ. ಪಡಸಾಲೆಯಿಂದ ಹೊರಗೆ ಒಂದೇ ಗೇಟು: ಬಾಯಿ 2,700, ಮಡಚಿದ ಕೊಲಾಪ್ಸಿಬಲ್ ಗೇಟು ಎರಡು ಬದಿಗೂ 150ರಂತೆ ಹೋಗಿ 2,400.

ಅಗಲದ ಅನುಪಾತದಲ್ಲಿ ಹಂಚಿದರೆ ಹಾಲ್‌ನ 554 ಜನರಲ್ಲಿ ಸುಮಾರು 302 ಮಂದಿ ಮುಂಬಾಗಿಲಿಂದ ಬರುತ್ತಾರೆ. ದೊಡ್ಡ ಮೆಟ್ಟಿಲು 2 ಮೀಟರ್ ಇರುವುದರಿಂದ ಅದರಿಂದ 200. ಒಟ್ಟು 502. ಬೇಕಾದದ್ದು 502 × 6.5, ಅಂದರೆ 3,263 ಮಿಲಿಮೀಟರ್. ಇರುವುದು 2,400, ಅದರ ಸಾಮರ್ಥ್ಯ 369. ಉಳಿದ 133 ಜನ ಗೇಟಿನ ಒಳಗೆ ಒಬ್ಬರ ಬೆನ್ನಿಗೆ ಒಬ್ಬರು ಒತ್ತಿ ನಿಲ್ಲುತ್ತಾರೆ. ಮೇಲಿನಿಂದ ಹೊಗೆ ಇಳಿಯುತ್ತಿರುತ್ತದೆ.

ಇಂಥ ಕಡೆ ನಾನು ಮೊದಲು ನೋಡುವುದು ಮೆಟ್ಟಿಲಿನ ಬುಡದ ಗೋಡೆಯನ್ನು. ಆ ಗೋಡೆಯ ಆಚೆ ಬಯಲಿದ್ದರೆ ಅಲ್ಲೇ 2 ಮೀಟರಿನ ಬಾಗಿಲು ಒಡೆಸಬಹುದು. ಮೇಲಿನ 200 ಜನ ಪಡಸಾಲೆಗೆ ಬರದೆ ನೇರ ಹೊರಗೆ ಹೋದರೆ ಗೇಟಿಗೆ ಉಳಿಯುವುದು 302 ಜನ, 1,963 ಮಿಲಿಮೀಟರ್. ಇರುವ 2,400 ಧಾರಾಳ. ಗೇಟು ಅಗಲ ಮಾಡಲು ಹೋದರೆ ತೊಲೆ, ಕಂಬ, ಮುಖಮಂಟಪ ಎಲ್ಲಕ್ಕೂ ಕೈ ಹಾಕಬೇಕಾಗುತ್ತದೆ. ಯಾವ ಗೋಡೆ ಒಡೆಯುವ ಮುನ್ನವೂ ಸ್ಟ್ರಕ್ಚರಲ್ ಎಂಜಿನಿಯರರನ್ನು ಕೇಳಿ.

ಇನ್ನು ಹಿಂದಿನ ಮೆಟ್ಟಿಲು: 1,200. ದೊಡ್ಡದರ ಜೊತೆ ಕೂಡಿಸಿದರೆ 3,200, ಅಂದರೆ 320 ಜನ. ಬೇಕಾದದ್ದು 350ಕ್ಕೆ, ಕನಿಷ್ಠ ಅಗಲವೂ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಆ ಮೆಟ್ಟಿಲಿಗೆ ಹೋಗಬೇಕಾದರೆ ಅಡುಗೆಮನೆ ಹಾದು ಹೋಗಬೇಕು. ಸಿಲಿಂಡರ್‌ಗಳು ಅಲ್ಲೇ, ಕಾದ ಎಣ್ಣೆ ಅಲ್ಲೇ, ಬೆಂಕಿ ಹುಟ್ಟುವ ಸಂಭವ ಹೆಚ್ಚಿರುವುದೂ ಅಲ್ಲೇ. ಅಡುಗೆಮನೆಯೊಳಗಿನ ದಾರಿಯನ್ನು ನಾನು ಎಂದೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಊಟದ ಹಾಲ್‌ನ ಇನ್ನೊಂದು ತುದಿಯಿಂದ ನೇರ ಇಳಿಯುವ 2 ಮೀಟರ್ ಮೆಟ್ಟಿಲು ಕಟ್ಟಿಸಲೇಬೇಕು. ಕಟ್ಟಿಸುವವರೆಗೆ ಮೇಲೆ ಊಟ ಹಾಕಿಸಬೇಡಿ. ಈ ಮಾತಿಗೆ ಮಾಲೀಕರು ಮುಖ ಸಿಂಡರಿಸುತ್ತಾರೆ, ಆದರೂ ಹೇಳುತ್ತೇನೆ.

ಕೋರಮಂಗಲದಲ್ಲಿ 2023ರ ಅಕ್ಟೋಬರ್ 18ರಂದು ಕಟ್ಟಡವೊಂದರ ಮೇಲಿನ ಕೆಫೆಗೆ ಬೆಂಕಿ ಬಿದ್ದಾಗ ಒಬ್ಬರು ಪ್ರಾಣ ಉಳಿಸಿಕೊಳ್ಳಲು ಮೇಲಿನಿಂದ ಹಾರಿದ್ದನ್ನು ನೋಡಿದ್ದೇವೆ. ಟೆರೇಸಿನ ಹೋಟೆಲುಗಳಿಗೆ ಈ ಹೆಜ್ಜೆ ಎಲ್ಲಕ್ಕಿಂತ ಮುಖ್ಯ.

ಏಳನೇ ಹೆಜ್ಜೆ: ದೂರ, ಮತ್ತು ಬಾಗಿಲುಗಳ ನಡುವಿನ ಅಂತರ

ಇದು ಬೇಗ ಮುಗಿಯುತ್ತದೆ. ಹಾಲ್‌ನ ಯಾವ ಮೂಲೆಯಿಂದಲೂ ಹೊರದಾರಿಗೆ ನಡೆಯುವ ದೂರ ಸಾಮಾನ್ಯವಾಗಿ 30 ಮೀಟರ್ ಮೀರಬಾರದು. ಕಟ್ಟಡಕ್ಕೆ ಪೂರ್ತಿ ಸ್ಪ್ರಿಂಕ್ಲರ್ (ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮುಕಿಸುವ ವ್ಯವಸ್ಥೆ) ಇದ್ದರೆ ಇದರ ಒಂದೂವರೆ ಪಟ್ಟು. ಕುರ್ಚಿ ಸಾಲು ಸುತ್ತಿ ನಡೆಯುವ ದೂರ ಹಿಡಿಯಿರಿ, ಹಕ್ಕಿ ಹಾರುವ ದೂರ ಬೇಡ. ಮುಂದೆ ದಾರಿಯಿಲ್ಲದ ಕುರುಡು ಕಾರಿಡಾರ್ ಶಾಲೆ, ಆಸ್ಪತ್ರೆ, ಸಭಾಂಗಣದಲ್ಲಿ 6 ಮೀಟರಿಗಿಂತ ಉದ್ದ ಇರಬಾರದು, ಬೇರೆಡೆ 15.

ಎರಡು ಬಾಗಿಲು ಅಕ್ಕಪಕ್ಕ ಇದ್ದರೆ ಒಂದೇ ಹೊಗೆ ಎರಡನ್ನೂ ಮುಚ್ಚುತ್ತದೆ. ಅವುಗಳ ನಡುವೆ ಹಾಲ್‌ನ ಕರ್ಣದ ಅರ್ಧದಷ್ಟಾದರೂ ದೂರ ಬೇಕು, ಸ್ಪ್ರಿಂಕ್ಲರ್ ಇದ್ದರೆ ಮೂರನೇ ಒಂದು ಭಾಗ. 24ಕ್ಕೆ 15 ಮೀಟರಿನ ಹಾಲ್‌ಗೆ ಕರ್ಣ 28.3 ಮೀಟರ್. ಬಾಗಿಲುಗಳು 14 ಮೀಟರಿಗಿಂತ ದೂರ ಇರಬೇಕಾಯಿತು.

ಎಂಟನೇ ಹೆಜ್ಜೆ: ಒಂದು ಬಾಗಿಲು ಮುಚ್ಚಿ ನೋಡಿ

ಇದು ನಾನು ಇಟ್ಟುಕೊಂಡ ರೂಢಿ. ಅತಿ ಅಗಲದ ದಾರಿಯೇ ಬೆಂಕಿಗೆ ಸಿಕ್ಕಿತು ಎಂದುಕೊಂಡು ಉಳಿದದ್ದನ್ನು ಲೆಕ್ಕ ಹಾಕುತ್ತೇನೆ. ನಮ್ಮ ಹಾಲ್‌ನಲ್ಲಿ ಮುಂಬಾಗಿಲು ಹೋದರೆ ಪಕ್ಕದ 2,000ದಲ್ಲಿ 307 ಜನ, ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅರ್ಧದಷ್ಟು ಜನರಿಗಾದರೂ ದಾರಿ ಉಳಿದರೆ ಮುಂದಕ್ಕೆ ಹೋಗುತ್ತೇನೆ, ಉಳಿಯದಿದ್ದರೆ ಇನ್ನೊಂದು ಬಾಗಿಲು ಕೇಳುತ್ತೇನೆ. ಆ ಪಕ್ಕದ ಬಾಗಿಲಿನ ಒಂದು ರೆಕ್ಕೆಗೆ ಚಿಲಕ ಬಿದ್ದಿದ್ದರೆ 307 ಅಲ್ಲ, 153.

ಕೊನೆಯ ಕೆಲಸ

ಲೆಕ್ಕವೆಲ್ಲ ಮುಗಿದ ಮೇಲೆ ಬಂದ ಸಂಖ್ಯೆಯನ್ನು ಹಾಲ್‌ನ ಬಾಗಿಲ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ: "ಈ ಸಭಾಂಗಣದಲ್ಲಿ ಗರಿಷ್ಠ 554 ಜನ". ಬುಕಿಂಗ್ ರಸೀದಿಯಲ್ಲೂ ಅದನ್ನು ಅಚ್ಚು ಹಾಕಿಸಿ. ಹುಡುಗಿಯ ಕಡೆಯವರು ಎಂಟುನೂರು ಪತ್ರಿಕೆ ಹಂಚುವ ಮುಂಚೆ ಅದು ಕಣ್ಣಿಗೆ ಬೀಳಬೇಕು.

ಛತ್ರದ ಮೇಸ್ತ್ರಿಗೆ ಅಗಲಗಳ ಪಟ್ಟಿ ಬರೆದುಕೊಡಿ: ಮುಂಬಾಗಿಲು 2,400, ಪಕ್ಕದ್ದು 2,000, ಮೆಟ್ಟಿಲು 2,000, ಗೇಟು 2,400. ಡೆಕೋರೇಷನ್‌ನವರು ಕೆಲಸ ಮುಗಿಸಿ ಹೊರಟ ಮೇಲೆ, ವಾಲಗದವರು ಬರುವ ಮೊದಲು, ಅವರು ಟೇಪು ಹಿಡಿದು ನಾಲ್ಕೂ ಕಡೆ ಅಳೆದು, ಚಿಲಕ ತೆಗೆದು, ಎರಡೂ ರೆಕ್ಕೆಗಳನ್ನು ಒಮ್ಮೆ ಪೂರ್ತಿ ತೆರೆದು ಮುಚ್ಚಲಿ. ಹತ್ತು ನಿಮಿಷದ ಕೆಲಸ. ಪಟ್ಟಿಯ ಪಕ್ಕದಲ್ಲಿ ತಾರೀಖು, ಹೊತ್ತು ಬರೆದು ಸಹಿ ಹಾಕಲಿ.